ಶಾಲೆಯ ಹೊಸ್ತಿಲು

ದೊಡ್ಡೇರಿ ಕಡೆಯ ಸರಕಾರಿ ಶಾಲೆಯೊಂದರಲ್ಲಿ ನಾನಿದ್ದಾಗ ಇಬ್ಬರು ತರುಣರು ಬಂದು, “ಟೀಚರ್, ಮಕ್ಕಳಿಗೆ ಯೇಸುವಿನ ಕಥೆ, ಹಾಡು ಹೇಳಿಕೊಡಬಹುದೇ?” ಎಂದರು.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ. 1830ರ ದಶಕದಲ್ಲೇ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಗೆ ಬಂದಿದ್ದರು. ಮಿಷನ್ ಶಾಲೆಗಳಲ್ಲಿ ಅಕ್ಷರದ ಜೊತೆಗೆ ಬೈಬಲೂ ಇತ್ತು. ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳ ಕೈಗೆ ಮೊದಲು ಸ್ಲೇಟು ಕೊಟ್ಟವರೂ ಅವರೇ. ಆ ಋಣ ಮರೆಯಲಾರೆ.

ಆದರೆ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 28ನೇ ವಿಧಿಯಂತೆ, ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಕೂಡದು. ಅನುದಾನಿತ ಶಾಲೆಯಲ್ಲಾದರೂ ಮಕ್ಕಳ ಹೆತ್ತವರು ಒಪ್ಪಬೇಕು.

“ಭಾನುವಾರ ಚರ್ಚಿನಲ್ಲಿ ಹೇಳಿಕೊಡಿ, ಇಷ್ಟವಿದ್ದವರು ಬರಲಿ” ಎಂದು ಕಾಫಿ ಕೊಟ್ಟು ಕಳಿಸಿದೆ. ಆಮೇಲೆ ಭಜನೆ ಕಲಿಸಲು ಬಂದವರಿಗೂ ಅದೇ ಮಾತು ಹೇಳಿದೆ. ಅವರು ಮುನಿಸಿಕೊಂಡರು. ‘ಬೇಡ’ ಎನ್ನುವ ವಯಸ್ಸು ಮಕ್ಕಳದಲ್ಲ. ಅವರ ಪರವಾಗಿ ನಾನೇ ಹೇಳಬೇಕಿತ್ತು.