ಎಂಜಿನ್ನಿನ ಮೇಲಿನ ಅಂಕಿಗಳು

ನಾವು ವಾಸಿಸುವ ಸ್ಟರ್ಲಿಂಗ್ ಹೈಟ್ಸ್ 1968ರಲ್ಲಿ ನಗರವಾಯಿತು. ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಕಾರುಗಳ ಎಂಜಿನ್, ಟ್ರಾನ್ಸ್‌ಮಿಷನ್ ಎರಡರ ಮೇಲೂ ಗಾಡಿಯ ನಂಬರಿನ ಒಂದು ಭಾಗವನ್ನು ಒತ್ತುವ ರೂಢಿ ಬೇರೂರಿದ್ದೂ ಅದೇ ವರ್ಷದ ಮಾಡೆಲ್‌ಗಳಿಂದ. ಉದ್ದೇಶ ಕಳ್ಳತನ ತಡೆಯುವುದು, ಇತಿಹಾಸ ಕಾಪಾಡುವುದಲ್ಲ.

1973ರ ತೈಲ ಮುಗ್ಗಟ್ಟಿನ ನಂತರ, ಪೆಟ್ರೋಲ್ ಕುಡಿಯುವ ದೊಡ್ಡ ಎಂಜಿನ್‌ಗಳು ಯಾರಿಗೂ ಬೇಡವಾದುವು. ಕೆಟ್ಟದ್ದನ್ನು ಕಳಚಿ ಮಾರಿ ಬೇರೊಂದನ್ನು ಕೂರಿಸುವುದು ಆಗ ತಪ್ಪೆನಿಸಲಿಲ್ಲ. ಇಂದು ಅವೇ ಕಾರುಗಳನ್ನು ಕೊಳ್ಳುವವರು ಮೊದಲು ಬಗ್ಗಿ ನೋಡುವುದು ಆ ಅಂಕಿಗಳನ್ನು. ತಾಳೆಯಾದರೆ ಬೆಲೆ ಹೆಚ್ಚು.

ನಮ್ಮ ನಾಡಿನ ಆರ್.ಸಿ.ಯಲ್ಲಿ ಚಾಸಿ ನಂಬರಿನೊಡನೆ ಎಂಜಿನ್ ನಂಬರೂ ಇರುತ್ತದೆ. ಎಂಜಿನ್ ಬದಲಿಸಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಮಿಶಿಗನ್ನಿನ ಟೈಟಲ್‌ನಲ್ಲಿ ಎಂಜಿನ್ ನಂಬರಿಲ್ಲ. ಆದ್ದರಿಂದ ಇಲ್ಲಿ ಲೋಹದ ಮೇಲಿನ ಗುರುತೇ ದಾಖಲೆ. ಕಳಚಿದ ಎಂಜಿನ್ ಬೇರೆಯವರಿಗೆ ಬರಿಯ ಎಂಜಿನ್. ತನ್ನ ಕಾರಿಗೆ ಮಾತ್ರ ಅದು ಹುಟ್ಟಿನ ಸಾಕ್ಷಿ.

ಗ್ಯಾರೇಜಿನ ಮೂಲೆಯಲ್ಲಿರುವ ಹಳೆಯ ಎಂಜಿನ್ ಮಾರುವ ಮುನ್ನ, ಅದರ ಕಾರು ಈಗ ಯಾರ ಬಳಿ ಇದೆಯೆಂದು ವಿಚಾರಿಸೋಣ. ಸಿಕ್ಕರೆ ಮೊದಲು ಅವರನ್ನೇ ಕೇಳೋಣ.