ಯಾದಗಿರಿ ಸೀಮೆಯಲ್ಲಿ ಹಿರಿಯರ ಕಲಿಕೆ ಮತ್ತು ವಿಶ್ವವಿದ್ಯಾಲಯ

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ವಿಶ್ವವಿದ್ಯಾಲಯದ ಬಾಗಿಲು ವಯಸ್ಸಾದವರಿಗೆ ತೆರೆದುಕೊಂಡದ್ದು ಹೊಲದ ಕಡೆಯಿಂದ. ಅಕ್ಷರದ ಬಾಗಿಲು ಅವರ ಪಾಲಿಗೆ ಎರಡು ಸಲ ಮುಚ್ಚಿತ್ತು. ಹಿರಿಯರ ಕಲಿಕೆಯ ಚರಿತ್ರೆಯನ್ನು ಸಾಮಾನ್ಯವಾಗಿ 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಪಿಯೆರ್ ವೆಲ್ಲಾಸ್ ಆರಂಭಿಸಿದ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’ದಿಂದ ಹೇಳತೊಡಗುತ್ತಾರೆ. ಅಲ್ಲಿ ಆವರಣಕ್ಕೆ ಬಂದವರು ಎಳವೆಯಲ್ಲಿ ಶಾಲೆ ಕಂಡು, ನಿವೃತ್ತಿಯಾಗಿ, ಬಿಡುವು ಪಡೆದ ಜನ. ಕೃಷ್ಣಾ, ಭೀಮಾ ನದಿಗಳ ನಡುವಿನ ಈ ನಾಡಿನಲ್ಲಿ ಹಿರಿಯರಿಗೆ ನಿವೃತ್ತಿಯೂ ಇರಲಿಲ್ಲ, ಹೆಚ್ಚಿನವರಿಗೆ ಶಾಲೆಯ ಮೊದಲ ಮೆಟ್ಟಿಲೂ ಸಿಕ್ಕಿರಲಿಲ್ಲ. ಆ ಅಳತೆಗೋಲನ್ನು ಇಲ್ಲಿಗೆ ತಂದರೆ ಇಲ್ಲಿ ಏನೂ ನಡೆದೇ ಇಲ್ಲವೆಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಅದು ಸರಿಯಲ್ಲ.

1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕನ್ನಡ ಮನೆಮಾತಾಗಿದ್ದ ಊರುಗಳಲ್ಲಿ ಕಚೇರಿಯ ಕಾಗದಪತ್ರ ಉರ್ದುವಿನಲ್ಲಿ ನಡೆಯುತ್ತಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಆಗ ಉರ್ದುವೇ ಆಗಿತ್ತು. ಅತ್ತ ಹಳೆಯ ಮೈಸೂರಿನಲ್ಲಿ 1940ರ ದಶಕದಲ್ಲೇ ವಯಸ್ಕರ ಶಿಕ್ಷಣ ಸಮಿತಿ ರಾತ್ರಿ ತರಗತಿ ನಡೆಸಿ, ಹೊಸದಾಗಿ ಓದಲು ಕಲಿತವರಿಗಾಗಿ ಪತ್ರಿಕೆ, ಪುಸ್ತಕ ಅಚ್ಚು ಹಾಕಿಸುತ್ತಿತ್ತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯೊಂದಿಗೆ ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಾಗ, ಎರಡು ಭಾಗಗಳ ನಡುವೆ ಒಂದು ತಲೆಮಾರಿನ ಓದಿನ ಅಂತರವಿತ್ತು.

ಆ ಅಂತರ ತುಂಬಬೇಕಾದ ಯೋಜನೆಗಳು ವಯಸ್ಸಿನ ಗೆರೆ ಎಳೆದವು. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಗುರಿ 15ರಿಂದ 35 ವರ್ಷದವರು. ಆಗ 36 ತುಂಬಿದವರೆಂದರೆ 1942 ಅಥವಾ ಅದಕ್ಕೂ ಮೊದಲು ಹುಟ್ಟಿದವರು. ನಿಜಾಮರ ಆಳ್ವಿಕೆ ಮುಗಿಯುವಾಗ ಅವರಲ್ಲಿ ತೀರ ಕಿರಿಯರು ಆರು ವರ್ಷದ ಮಕ್ಕಳು. ಅಂದರೆ ಕನ್ನಡ ಶಾಲೆ ಕೈಗೆಟುಕದೆ ಬೆಳೆದ ತಲೆಮಾರಿಗೇ ಈ ಗೆರೆ ಅಡ್ಡ ಬಂತು. 1988ರ ರಾಷ್ಟ್ರೀಯ ಸಾಕ್ಷರತಾ ಮಿಷನ್ ಕೂಡ 15–35ರ ಗುರಿಯನ್ನೇ ಇಟ್ಟುಕೊಂಡಿತು. ಹಣ ಕಡಿಮೆ ಇರುವಾಗ ದುಡಿಯುವ ವಯಸ್ಸಿನವರಿಗೆ ಮೊದಲ ಪಾಲು ಹೋಗಬೇಕೆಂಬ ವಾದಕ್ಕೆ ತೂಕವಿದೆ. ಆದರೆ ಇಲ್ಲಿ ನಲವತ್ತು, ಐವತ್ತು ದಾಟಿದವರೂ ದುಡಿಯುವವರೇ. ಹೊಲದ ಪಹಣಿ ಅವರ ಹೆಸರಿನಲ್ಲಿ, ಸಾಲ ಅವರ ಹೆಬ್ಬೆಟ್ಟಿನ ಮೇಲೆ, ಮಕ್ಕಳನ್ನು ಶಾಲೆಗೆ ಕಳಿಸುವ ಮಾತು ಅವರ ಬಾಯಲ್ಲಿ. ದುಡಿಮೆಯ ವಯಸ್ಸು 35ಕ್ಕೆ ಮುಗಿಯುವ ಊರು ಈ ಸೀಮೆಯಲ್ಲಿ ಇರಲಿಲ್ಲ.

ವಯಸ್ಸಾದ ಮೇಲೆ ತಲೆಗೆ ಹತ್ತುವುದಿಲ್ಲ ಎಂಬ ಮಾತೂ ಇತ್ತು. ಅದಕ್ಕೆ ಉತ್ತರ ಈ ನೆಲದಲ್ಲೇ ಇದೆ. ಸುರಪುರ ಸೀಮೆಯ ತಿಂಥಣಿ ಮೌನೇಶ್ವರರ ಪರಂಪರೆಯಿಂದ ಹಿಡಿದು ಊರೂರಿನ ಭಜನಾ ಮೇಳದವರೆಗೆ, ತತ್ವಪದ, ಪುರಾಣ, ಮೊಹರಂ ಪದಗಳನ್ನು ಅಕ್ಷರ ಬಾರದವರು ಕಿವಿಯಿಂದ ಕಲಿತು ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಶ್ರಾವಣದ ಪ್ರವಚನ ತಿಂಗಳಿಡೀ ನಡೆಯುತ್ತದೆ, ಕೇಳಿದವರು ಮರುದಿನ ಕಟ್ಟೆಯ ಮೇಲೆ ಅರ್ಥ ಬಿಡಿಸುತ್ತಾರೆ. ಸಾಕ್ಷರತೆಯ ಯೋಜನೆಗಳು ಇದನ್ನು ಕಲಿಕೆ ಎಂದು ಎಣಿಸಲೇ ಇಲ್ಲ ಎಂಬುದು ದೊಡ್ಡ ಕೊರತೆ.

ವಿಶ್ವವಿದ್ಯಾಲಯಗಳ ಕಥೆ ಬೇರೆ ದಾರಿ ಹಿಡಿಯಿತು. ಬೋಧನೆ, ಸಂಶೋಧನೆಗಳ ಜೊತೆಗೆ ವಿಸ್ತರಣೆಯೂ, ಅಂದರೆ ಆವರಣದ ಹೊರಗಿನ ಜನರಿಗೆ ತಿಳಿವು ಒಯ್ಯುವುದೂ, ವಿಶ್ವವಿದ್ಯಾಲಯದ ಕೆಲಸವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 1970ರ ದಶಕದ ಕೊನೆಗೆ ಒಪ್ಪಿತು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಸ್ಥಾಪನೆಯಾಯಿತು. ಆದರೆ ಸುರಪುರದಿಂದ ಕಲಬುರಗಿಗೆ ನೂರು ಕಿಲೋಮೀಟರ್‌ಗೂ ಹೆಚ್ಚು ದಾರಿ, ಮೇಲಾಗಿ ಆವರಣದ ಪಾಠವೆಲ್ಲ ಓದುಬರಹ ಬಲ್ಲವರಿಗೆ. ಹಿರಿಯರ ಪಾಲಿಗೆ ಲೆಕ್ಕಕ್ಕೆ ಬಂದದ್ದು ಕೃಷಿ ವಿಶ್ವವಿದ್ಯಾಲಯ. ಅದಕ್ಕೆ ಕಾರಣ ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯಿಂದ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಜೋಳ, ತೊಗರಿಯ ಒಣಬೇಸಾಯದ ಹೊಲಗಳಿಗೆ ಬಂತು. ಅದರ ಹಿಂದೆಯೇ ಭತ್ತ ಬಂತು, ಎರೆ ಭೂಮಿಯಲ್ಲಿ ಸವಳು-ಜವಳೂ ಬಂತು. ಅರ್ಧ ಆಯುಷ್ಯ ಮಳೆ ನಂಬಿ ಬಿತ್ತಿದವರು ಬೇಸಾಯವನ್ನು ಮೊದಲಿನಿಂದ ಕಲಿಯಬೇಕಾಯಿತು. ಯೋಜನೆಯ ಕಾಲೊನಿಯಾಗಿ ಬೆಳೆದ ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವೂ ಸುರಪುರ ತಾಲ್ಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಆದವು. ಎರಡೂ ಈಗ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ.

ಕೃಷಿ ವಿಜ್ಞಾನ ಕೇಂದ್ರದ ತರಬೇತಿ ಎರಡು ಬಗೆ: ಆವರಣದಲ್ಲಿ ನಡೆಯುವುದು, ಊರಿಗೇ ಹೋಗಿ ನಡೆಸುವುದು. ರೈತರಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಮಣ್ಣಿನ ಮಾದರಿ ತೆಗೆಯುವ ಪಾಠವನ್ನೇ ನೋಡಬಹುದು. ಹೊಲದ ಹಲವು ಕಡೆ ಮೇಲಿನ ಕಸಕಡ್ಡಿ ಸರಿಸಿ, ‘ವಿ’ ಆಕಾರದಲ್ಲಿ ಸುಮಾರು 15 ಸೆಂಟಿಮೀಟರ್ ಆಳ ಅಗೆದು, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣು ಕೆರೆದುಕೊಳ್ಳಬೇಕು. ಎಲ್ಲವನ್ನೂ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಬೇಕು. ಇದಕ್ಕೆ ಅಕ್ಷರ ಬೇಕಿಲ್ಲ. ಯಾವ ಮಗ್ಗುಲಲ್ಲಿ ನೀರು ನಿಲ್ಲುತ್ತದೆ, ಕಾಲುವೆ ಬರುವ ಮೊದಲು ಅಲ್ಲಿ ಏನು ಬೆಳೆಯುತ್ತಿತ್ತು ಎಂಬುದು ಬೇಕು, ಅದು ಹಿರಿಯರಿಗೇ ಗೊತ್ತು.

ಇದು ವೃತ್ತಿ ತರಬೇತಿ, ಶಿಕ್ಷಣವಲ್ಲ ಎನ್ನುವವರಿಗೆ ಹೇಳಬೇಕಾದ್ದು ಇಷ್ಟೆ: ತಿಳಿದದ್ದನ್ನು ಮರಳಿ ಪರೀಕ್ಷಿಸಿ ಬದಲಾಯಿಸಿಕೊಳ್ಳುವುದು ಶಿಕ್ಷಣವಲ್ಲದಿದ್ದರೆ ಬೇರೆ ಯಾವುದು ಶಿಕ್ಷಣ? ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಹೊಲವಿಲ್ಲದ ಕೂಲಿಯವರು, ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರು ಈ ಬಾಗಿಲಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಬಿತ್ತುವ, ಕಳೆ ತೆಗೆಯುವ ಕೆಲಸ ಹೆಚ್ಚಾಗಿ ಅವರದೇ ಆದರೂ ‘ರೈತ’ ಎಂದು ಎಣಿಕೆಯಾಗುವವನು ಗಂಡಸು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲಿನ ಮೊದಲ ಜನಗಣತಿಯಲ್ಲಿ, ಅಂದರೆ 2011ರಲ್ಲಿ, ಅದರ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಹೆಂಗಸರಲ್ಲಿ ಸುಮಾರು ಶೇ. 41. ಹಾಗಾಗಿ ಹೊಲದ ಪಾಠ ಅಕ್ಷರದ ಪಾಠಕ್ಕೆ ಬದಲಿಯಾಗದು, ಅದಕ್ಕೆ ದಾರಿಯಾಗಬಲ್ಲದು.

2009ರ ಸೆಪ್ಟೆಂಬರ್ 8ರಂದು ಆರಂಭವಾದ ಸಾಕ್ಷರ ಭಾರತ ವಯಸ್ಸಿನ ಮೇಲ್ಮಿತಿ ತೆಗೆದು 15 ದಾಟಿದ ಎಲ್ಲರನ್ನೂ, ಮುಖ್ಯವಾಗಿ ಹೆಂಗಸರನ್ನು, ಒಳಗೆ ಕರೆಯಿತು. ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದಕ್ಕೆ ಇಬ್ಬರು ಪ್ರೇರಕರು, 300 ಗಂಟೆಗಳ ಕಲಿಕೆ. ಆದರೆ 1942ರಲ್ಲಿ ಹುಟ್ಟಿದವರಿಗೆ ಅಷ್ಟರಲ್ಲಿ 67 ವರ್ಷ. ಆ ಯೋಜನೆ 2018ರಲ್ಲಿ ನಿಂತಿತು. 2022ರಲ್ಲಿ ಬಂದ ನವ ಭಾರತ ಸಾಕ್ಷರತಾ ಕಾರ್ಯಕ್ರಮ 15 ಮೇಲ್ಪಟ್ಟವರೆಲ್ಲರನ್ನೂ ಒಳಗೊಂಡು, ಕಲಿಸುವ ಕೆಲಸವನ್ನು ಸಂಬಳವಿಲ್ಲದ ಸ್ವಯಂಸೇವಕರಿಗೆ ಒಪ್ಪಿಸಿದೆ. ಈ ಕೆಲಸಕ್ಕೆ ಕೈಜೋಡಿಸಬಲ್ಲವರೂ ಇದ್ದಾರೆ: ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಉಳಿದು, ರೈತ ಕುಟುಂಬಗಳ ಜೊತೆ ಕೆಲಸ ಮಾಡುವ ಪದ್ಧತಿ ಈಗಾಗಲೇ ಇದೆ. ಅವರು ಮಣ್ಣಿನ ಮಾದರಿಯ ಚೀಟಿ ಬರೆಯುವಾಗ ಹೊಲದ ಒಡತಿಯ ಕೈಗೇ ಪೆನ್ನು ಕೊಟ್ಟು ಹೆಸರು, ಸರ್ವೆ ನಂಬರು ಬರೆಸುವುದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಕಟ್ಟಡವೂ ಬೇಡ.