ನಂಗು, ಹ್ಯಾಲಿಬಟ್ ಮತ್ತು ಒಂದು ಒಳ್ಳೇ ಬಂದ್

ಇಯರ್‌ಫೋನ್ ಹಾಕ್ಕೊಂಡು ಊಟಕ್ಕೆ ಕೂತಿದ್ದೀರಾ? ಒಳ್ಳೇದಾಯ್ತು, ಇವತ್ತಿನ ಕಥೆ ಮೀನಿಂದು.

ನಾನು ಬೆಳೆದಿದ್ದು ಭದ್ರಾವತಿಯಲ್ಲಿ. ಭಾನುವಾರ ಬಂದ್ರೆ ಮನೆಗೆ ನಂಗು ಬರ್ತಿತ್ತು. ಐಸ್ ಪೆಟ್ಟಿಗೆಯಲ್ಲಿ ಕರಾವಳಿಯಿಂದ ಘಟ್ಟ ಹತ್ತಿ, ಶಿವಮೊಗ್ಗ ದಾಟಿ ಬರೋ ಮೀನು. ನಾಲಿಗೆ ಥರ ಚಪ್ಪಟೆ, ಎರಡೂ ಕಣ್ಣು ಒಂದೇ ಕಡೆ. ಅಮ್ಮ ಅದರ ಚರ್ಮ ಸುಲಿದು, ರವೆ ಹಚ್ಚಿ ಕರೀತಿದ್ರು. ಮಳೆಗಾಲದಲ್ಲಿ ಮಾತ್ರ ನಂಗು ಮಾಯ. ಕೇಳಿದ್ರೆ ಅಂಗಡಿಯವರು "ಬೋಟ್ ಬಂದ್" ಅನ್ನೋರು. ನಂಗೆ ಸಿಟ್ಟು ಬರ್ತಿತ್ತು.

ಆ ಸಿಟ್ಟು ಇಳಿದಿದ್ದು ನಂಗುವಿನ ದೊಡ್ಡ ಬಂಧು ಹ್ಯಾಲಿಬಟ್ ಬಗ್ಗೆ ಓದಿದ ಮೇಲೆ.

ಹ್ಯಾಲಿಬಟ್ ತಣ್ಣನೆಯ ಕಡಲಿನ ಚಪ್ಪಟೆ ಮೀನು. ಎರಡು ಮೀಟರ್ ದಾಟಿ ಬೆಳೆಯುತ್ತೆ, 200 ಕೆಜಿ ಮೀರಿ ತೂಗಬಲ್ಲದು. ಹಳೆಯ ಇಂಗ್ಲಿಷ್‌ನಲ್ಲಿ ಆ ಹೆಸರಿನ ಅರ್ಥ 'ಪವಿತ್ರ ಚಪ್ಪಟೆ ಮೀನು'. ಕ್ರೈಸ್ತರು ಪವಿತ್ರ ದಿನಗಳಲ್ಲಿ ತಿನ್ನುತ್ತಿದ್ದರಿಂದ ಹಾಗೆ. ತುಂಗೆಯ ದಂಡೆಯಲ್ಲಿ, ಶೃಂಗೇರಿಯಲ್ಲಿ, ಪವಿತ್ರ ಅಂದ್ರೆ ಮೀನನ್ನ ಮುಟ್ಟೋ ಹಾಗಿಲ್ಲ. ಅಲ್ಲಿ ಪವಿತ್ರ ಅಂದ್ರೆ ತಟ್ಟೆಗೆ!

19ನೇ ಶತಮಾನದಲ್ಲಿ ಅಮೆರಿಕದ ಪೂರ್ವ ಕರಾವಳಿಯ ಹ್ಯಾಲಿಬಟ್ ಹಿಡಿದು ಹಿಡಿದು ಬರಿದಾಯ್ತು. 1888ರಲ್ಲಿ ಪಶ್ಚಿಮ ಕರಾವಳಿಯ ಹ್ಯಾಲಿಬಟ್ ಐಸ್ ಜೊತೆ ರೈಲು ಹತ್ತಿತು. ಇಡೀ ಖಂಡವೇ ಗಿರಾಕಿಯಾದಾಗ ಅಲ್ಲೂ ಮೀನು ಕಮ್ಮಿ ಆಗ್ತಾ ಬಂತು. ಕೊನೆಗೆ 1923ರಲ್ಲಿ ಅಮೆರಿಕ, ಕೆನಡಾ ಒಪ್ಪಂದ ಮಾಡ್ಕೊಂಡ್ವು: ಚಳಿಗಾಲದ ಮೂರು ತಿಂಗಳು, ನವೆಂಬರ್ 16ರಿಂದ ಫೆಬ್ರವರಿ 15ರವರೆಗೆ, ಹ್ಯಾಲಿಬಟ್ ಬೇಟೆ ಬಂದ್. ಅದು ಮೊಟ್ಟೆ ಇಡೋ ಕಾಲ.

ಅದೇ 1923ರಲ್ಲಿ ನಮ್ಮ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಹೊತ್ತಿಕೊಂಡಿತು. ಉರಿದಿದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಒಂದು ಕಡೆ ಕಡಲಿಗೆ ರಜೆ, ಇನ್ನೊಂದು ಕಡೆ ಕಾಡಿಗೆ ಕೊಡಲಿ.

ನಾನು ಓದಿದ್ದು ಕಾಮರ್ಸ್. ಲೆಕ್ಕ ಸಿಂಪಲ್: ಬಡ್ಡಿ ತಿನ್ನಬಹುದು, ಅಸಲು ತಿನ್ನಬಾರದು.

ಈಗ ಕರ್ನಾಟಕದಲ್ಲೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ರಜೆ. ದೋಣಿ ಕಾರ್ಮಿಕರಿಗೆ ಅದು ಕೈ ಖಾಲಿಯಿರೋ ಕಾಲ, ನಿಜ. 'ಬಂದ್' ಅಂದ್ರೆ ಭದ್ರಾವತಿಯವರ ಎದೆಯೂ ಝಲ್ ಅನ್ನುತ್ತೆ. ಕಾರ್ಖಾನೆ ಗೇಟ್ ಮುಚ್ಚೋದನ್ನ ನೋಡಿ ಬೆಳೆದವರು ನಾವು. ಆದ್ರೆ ಈ ಬಂದ್ ಬೇರೆ. ಇದು ಮತ್ತೆ ತೆರೆಯೋಕೇ ಅಂತ ಮುಚ್ಚೋ ಬಾಗಿಲು.

ಈ ಜುಲೈನಲ್ಲಿ ನಂಗು ಸಿಗದಿದ್ರೆ ಬೈಬೇಡಿ. ಆಗಸ್ಟ್‌ವರೆಗೆ ಕಾಯೋಣ. ಮುಂದಿನ ಸಂಚಿಕೆಯಲ್ಲಿ ಸಿಗ್ತೀನಿ.